78 ಪ್ಲೇಟಾ, 107 ಪ್ಲೇಟಾ: ತುಮಕೂರಿನಲ್ಲಿ ಎಂಬಿಎ ಅಂದರೆ ಏನೇನು

ತುಮಕೂರಿನಲ್ಲಿ ಎಂಬಿಎ ವಿಭಾಗದ ಹುಡುಗರು ಫೆಸ್ಟ್‌ಗೆ ಸ್ಟಾಲ್ ಹಾಕಿದರೆ ತಟ್ಟೆ ಇಡ್ಲಿ ಇರಲೇಬೇಕು. ತಟ್ಟೆ ಇಡ್ಲಿಗೆ ಹೆಸರಾದ ಕ್ಯಾತ್ಸಂದ್ರವನ್ನು ಮಗ್ಗುಲಲ್ಲೇ ಇಟ್ಟುಕೊಂಡು ಬೇರೇನು ಮಾರಿಯಾರು! ಅಂಥ ಒಂದು ಸ್ಟಾಲಿನ ಲೆಕ್ಕ ಹೀಗಿದೆ ಎಂದುಕೊಳ್ಳಿ. ಜಾಗದ ಬಾಡಿಗೆ 500 ರೂಪಾಯಿ, ಗ್ಯಾಸು ಮತ್ತು ಪಾತ್ರೆಗೆ 900, ಒಟ್ಟು 1,400. ಹಿಟ್ಟು, ಚಟ್ನಿ, ಬೆಣ್ಣೆ, ಎಲೆ ಎಲ್ಲ ಸೇರಿ ಪ್ಲೇಟಿಗೆ 12 ರೂಪಾಯಿ ಬೀಳುತ್ತದೆ. ಮಾರುವ ಬೆಲೆ 30. ಅಂದರೆ ಪ್ಲೇಟಿಗೆ 18 ಉಳಿಯಿತು. 1,400ನ್ನು 18ರಿಂದ ಭಾಗಿಸಿ. 78 ಪ್ಲೇಟು ಹೋದರೆ ಅಸಲು ಬಂತು. ಮೊದಲ ಸೆಮಿಸ್ಟರಿನ ಪುಸ್ತಕ ಇದನ್ನು ಬ್ರೇಕ್ ಈವನ್ ಎನ್ನುತ್ತದೆ. ಪರೀಕ್ಷೆಯಲ್ಲಿ 78 ಎಂದು ಬರೆದವರಿಗೆ ಪೂರ್ತಿ ಅಂಕ.

ತಂಡ 150 ಪ್ಲೇಟಿಗೆ ಸಾಮಾನು ತಂದು ಹಿಟ್ಟು ರುಬ್ಬಿಸಿತು. ಸಂಜೆ ಹೊತ್ತಿಗೆ 110 ಪ್ಲೇಟು ಹೋಯಿತು. 78 ದಾಟಿ 32 ಪ್ಲೇಟು ಜಾಸ್ತಿ ಮಾರಿದ್ದೇವೆ, 576 ರೂಪಾಯಿ ಲಾಭ ಅಂತ ಖುಷಿಯಲ್ಲಿ ಗಲ್ಲಾ ಎಣಿಸಿದರೆ ಉಳಿದಿರುವುದು ಬರೀ 100 ರೂಪಾಯಿ. ಬಂದದ್ದು 3,300. ಹೋದದ್ದು 150 ಪ್ಲೇಟಿನ ಸಾಮಾನಿಗೆ 1,800, ಮೇಲೆ 1,400. ಮಾರದೆ ಉಳಿದ 40 ಪ್ಲೇಟಿನ ಹಿಟ್ಟು ಲಾಭವನ್ನು ತಿಂದುಹಾಕಿದೆ. ರುಬ್ಬುವ ತನಕ ಹಿಟ್ಟು ಪ್ಲೇಟಿನ ಲೆಕ್ಕದ ಖರ್ಚು. ರುಬ್ಬಿದ ಮೇಲೆ ಅದೂ ಬಾಡಿಗೆಯ ಹಾಗೆ ಕೈಬಿಟ್ಟ ದುಡ್ಡೇ. ಹಾಗಾಗಿ ಆ ದಿನ ಅಸಲು ಬರಲು ಬೇಕಾಗಿದ್ದದ್ದು 3,200ನ್ನು 30ರಿಂದ ಭಾಗಿಸಿದಷ್ಟು, ಅಂದರೆ 107 ಪ್ಲೇಟು. (ಬೆಣ್ಣೆ, ಎಲೆ ಮಿಕ್ಕಿದ್ದನ್ನು ಬಳಸಬಹುದಲ್ಲ ಎಂದರೆ ನಿಜ, ಒಂದಿಷ್ಟು ಉಳಿಯುತ್ತದೆ. ಆದರೆ ಆರು ಜನ ಬೆಳಗ್ಗಿಂದ ಬೆವರು ಸುರಿಸಿದ ಕೂಲಿಯನ್ನು ಯಾರೂ ಬರೆದೇ ಇಲ್ಲ.)

ಬಿಸಿನೆಸ್ ಕಲಿಸುವ ವಿಭಾಗವನ್ನು ಅಳೆಯಬೇಕಾದದ್ದು ಇಲ್ಲೇ. 78 ಎಂದು ಬರೆದು ಪಾಸಾದ ವಿದ್ಯಾರ್ಥಿಯನ್ನು ಎರಡು ವರ್ಷದಲ್ಲಿ 107ರ ತನಕ ಕರೆದುಕೊಂಡು ಹೋಗುತ್ತದೋ ಇಲ್ಲವೋ? ಕಟ್ಟಡ, ಎಸಿ ಸೆಮಿನಾರ್ ಹಾಲು, ಬ್ರೋಷರಿನ ನಗುಮುಖಗಳು ಆಮೇಲಿನ ಮಾತು.

ಯಾವ ಕೋರ್ಸು, ಯಾರ ಪದವಿ

ತುಮಕೂರು ವಿಶ್ವವಿದ್ಯಾಲಯ 2004ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರೆಯಾಯಿತು. ಎಂಬಿಎ ಮತ್ತು ಎಂ.ಕಾಂ ಎರಡೂ ಅಲ್ಲಿವೆ. ಇದೇ ಊರಿನ ಇಂಜಿನಿಯರಿಂಗ್ ಕಾಲೇಜುಗಳಲ್ಲೂ ಎಂಬಿಎ ಇದೆ. ಉದಾಹರಣೆಗೆ 1963ರಲ್ಲಿ ಶುರುವಾದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಓದಿದವರಿಗೆ ಪದವಿ ಕೊಡುವುದು ಬೆಳಗಾವಿಯ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ). ಸುತ್ತಮುತ್ತಲ ಜಿಲ್ಲೆಗಳಲ್ಲಿ ಕೋಲಾರದ ಟಮಕದಲ್ಲಿ ಕೇಂದ್ರವಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ 2017ರದ್ದು. ಚಿಕ್ಕಬಳ್ಳಾಪುರಕ್ಕೆ ಸೇರಿದ, ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿಯಲ್ಲಿ ವಿಟಿಯುವಿನದ್ದೇ ಸ್ನಾತಕೋತ್ತರ ಕೇಂದ್ರವಿದೆ.

ಇದೆಲ್ಲ ಯಾಕೆ ಬೇಕು ಅಂದರೆ, ಪಾಠ ಮಾಡುವವರು ಒಬ್ಬರು, ಪದವಿ ಕೊಡುವವರು ಇನ್ನೊಬ್ಬರು ಆಗಿರಬಹುದು. ಸ್ವಾಯತ್ತ ಕಾಲೇಜಿನಲ್ಲಿ ಸಿಲಬಸ್ಸು, ಪ್ರಶ್ನೆಪತ್ರಿಕೆ ಕಾಲೇಜಿನದ್ದೇ, ಪದವಿ ಮಾತ್ರ ವಿಶ್ವವಿದ್ಯಾಲಯದ್ದು. ಸ್ವಾಯತ್ತವಲ್ಲದ ಕಡೆ ಎರಡೂ ವಿಶ್ವವಿದ್ಯಾಲಯದ್ದು. ಸೇರುವ ಮುಂಚೆ ಕೇಳಬೇಕಾದ ಕಾಗದ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಅನುಮೋದನೆಯ ಪತ್ರ, ಅದೂ ಆ ವರ್ಷದ್ದು, ಎಷ್ಟು ಸೀಟು ಎಂದು ಬರೆದಿರುವುದು. 2024-25ರಿಂದ ಬಿಬಿಎ, ಬಿಸಿಎ ಕೂಡ ಎಐಸಿಟಿಇ ವ್ಯಾಪ್ತಿಗೆ ಬಂದಿವೆ. ಗುಣಮಟ್ಟ ಅಳೆಯುವ ನ್ಯಾಕ್ ಶ್ರೇಣಿ ಸಂಸ್ಥೆಗೆ ಕೊಡುವಂಥದ್ದು, ಎನ್‌ಬಿಎ ಮಾನ್ಯತೆ ಒಂದೊಂದು ಕೋರ್ಸಿಗೆ. ಹಾಗಾಗಿ "ನಮ್ಮ ಕಾಲೇಜಿಗೆ ಎನ್‌ಬಿಎ ಇದೆ" ಎಂದರೆ ಅದು ಸಿವಿಲ್ ಇಂಜಿನಿಯರಿಂಗ್‌ಗೋ ಎಂಬಿಎಗೋ ಎಂದು ಕೇಳಿ ತಿಳಿದುಕೊಳ್ಳಬೇಕು.

ಎಂ.ಕಾಂ ಮಾಡಲೋ ಎಂಬಿಎ ಮಾಡಲೋ ಅನ್ನುವುದು ಇಲ್ಲಿನ ಮನೆಮನೆಯ ಪ್ರಶ್ನೆ. ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವ ಆಸೆ, ಅದಕ್ಕೆ ಬೇಕಾದ ನೆಟ್ ಅಥವಾ ಕೆಸೆಟ್ ಅರ್ಹತಾ ಪರೀಕ್ಷೆ ಬರೆಯುವ ಮನಸ್ಸು, ಲೆಕ್ಕಪತ್ರ ಮತ್ತು ತೆರಿಗೆಯಲ್ಲಿ ಆಳಕ್ಕೆ ಇಳಿಯುವ ಇಷ್ಟ ಇದ್ದರೆ ಎಂ.ಕಾಂ. ಅದರ ಫೀಸೂ ಕಮ್ಮಿ. ಕಂಪನಿ ಕೆಲಸ, ಮಾರಾಟ, ಎಚ್‌ಆರ್, ಬ್ಯಾಂಕು ಅಂದರೆ ಎಂಬಿಎ. ಬಿ.ಎ, ಬಿ.ಎಸ್ಸಿ, ಬಿ.ಇ ಮಾಡಿದವರೂ ಸೇರಬಹುದು ಎನ್ನುವುದು ಎಂಬಿಎಗೆ ಇರುವ ದೊಡ್ಡ ಅನುಕೂಲ. ಮೊದಲ ಸೆಮಿಸ್ಟರಿನ ಕಷ್ಟವೂ ಅಲ್ಲಿಂದಲೇ ಶುರು.

ಪಿಜಿಸಿಇಟಿ: ಪರೀಕ್ಷೆಗಿಂತ ಕಾಗದ ಕಷ್ಟ

ಸರ್ಕಾರಿ ಕೋಟಾದ ಸೀಟಿಗೆ ದಾರಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸ್ನಾತಕೋತ್ತರ ಪ್ರವೇಶ ಪರೀಕ್ಷೆ, ಪಿಜಿಸಿಇಟಿ. ಯಾವುದೇ ಪದವಿಯಲ್ಲಿ ಶೇ 50, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ 1ಕ್ಕೆ ಶೇ 45 ಬೇಕು. ಎಂಬಿಎ ಪತ್ರಿಕೆಯಲ್ಲಿ 100 ಅಂಕದ ಬಹುಆಯ್ಕೆ ಪ್ರಶ್ನೆಗಳು: ಇಂಗ್ಲಿಷ್, ಸಾಮಾನ್ಯ ಜ್ಞಾನ, ತಾರ್ಕಿಕ ಸಾಮರ್ಥ್ಯ, ಲೆಕ್ಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಉತ್ತರದ ಹಾಳೆಯಲ್ಲಿ ಒಂದು ಗುಂಡನ್ನೂ ಖಾಲಿ ಬಿಡಬಾರದು. ಕನ್ನಡ ಮಾಧ್ಯಮದವರು ಇಂಗ್ಲಿಷ್ ಭಾಗದಲ್ಲಿ ಕಳೆದುಕೊಂಡದ್ದನ್ನು ಶೇಕಡಾವಾರು, ಅನುಪಾತ, ಬಡ್ಡಿ ಲೆಕ್ಕದಲ್ಲಿ ತುಂಬಿಕೊಳ್ಳುವುದು ಆಗುವ ಮಾತು. ಅಲ್ಲಿ ಕೇಳುವುದು ಬಹುಪಾಲು ಹತ್ತನೇ ತರಗತಿ ಮಟ್ಟದ ಗಣಿತ.

ಜನ ಎಡವುವುದು ಪರೀಕ್ಷೆ ಆದ ಮೇಲೆ. ನಾಡಕಚೇರಿಯಿಂದ ತಂದ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ತಪ್ಪಾಗಿ ತುಂಬುವುದು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ ಇರುವುದು, ಕೊನೆಯ ಸೆಮಿಸ್ಟರಿನ ಫಲಿತಾಂಶ ಬಾರದೇ ಇರುವುದು. ಇವುಗಳಲ್ಲಿ ಯಾವುದಾದರೂ ಒಂದು ಸಾಕು, ಮೀಸಲಾತಿ ಅಥವಾ ಸೀಟೇ ಕೈತಪ್ಪಲು. ಆಮೇಲೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ತುಂಬುವುದು. ಪಟ್ಟಿಯಲ್ಲಿ ಮೇಲಿರುವ ಕಾಲೇಜು ಸಿಕ್ಕರೆ ಕೆಳಗಿನವು ತಾವಾಗೇ ಬಿದ್ದುಹೋಗುತ್ತವೆ. ಆದ್ದರಿಂದ ಸಿಗುವುದೋ ಇಲ್ಲವೋ ಎಂದು ಲೆಕ್ಕ ಹಾಕದೆ ಇಷ್ಟದ ಕ್ರಮದಲ್ಲೇ ಬರೆಯಬೇಕು. ಸೀಟು ಬಂದ ಮೇಲೆ ನಾಲ್ಕು ಚಾಯ್ಸ್: ಒಂದು ಎಂದರೆ ಒಪ್ಪಿ ಸೇರುವುದು. ಎರಡು, ಸೀಟನ್ನು ಹಿಡಿದುಕೊಂಡು ಮುಂದಿನ ಸುತ್ತಿಗೆ ಕಾಯುವುದು. ಮೂರು, ಬಿಟ್ಟುಕೊಟ್ಟು ಕಾಯುವುದು. ನಾಲ್ಕು, ಪೂರ್ತಿ ಹೊರಗೆ ಬರುವುದು. ಎರಡು ಒತ್ತಬೇಕಾದವರು ಮೂರು ಒತ್ತಿ ಕೈಗೆ ಬಂದ ಸೀಟು ಕಳೆದುಕೊಳ್ಳುವುದು ಪ್ರತಿ ವರ್ಷದ ಗೋಳು. ಸೈಬರ್ ಸೆಂಟರಿನವರಿಗೆ ಪಾಸ್‌ವರ್ಡ್ ಕೊಟ್ಟು ಮನೆಗೆ ಹೋಗಬೇಡಿ, ಪಕ್ಕದಲ್ಲೇ ಕೂತಿರಿ.

ಎರಡು ವರ್ಷ, ನಾಲ್ಕು ಸೆಮಿಸ್ಟರು

ಮೊದಲ ಸೆಮಿಸ್ಟರಿನಲ್ಲಿ ಲೆಕ್ಕಪತ್ರ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಮಾರ್ಕೆಟಿಂಗ್, ಸಂಸ್ಥೆಯಲ್ಲಿ ಜನರ ವರ್ತನೆ, ಬಿಸಿನೆಸ್ ಸಂವಹನ. ಎರಡನೆಯದರಲ್ಲಿ ಹಣಕಾಸು ನಿರ್ವಹಣೆ, ಎಚ್‌ಆರ್, ಸಂಶೋಧನಾ ವಿಧಾನ ಮತ್ತು ಅದರ ಜೊತೆಯವು. ಮೂರನೆಯದರಿಂದ ಸ್ಪೆಷಲೈಸೇಷನ್. ಬಹಳ ಕಡೆ ಎರಡು ವಿಷಯಗಳ ಜೋಡಿ ತೆಗೆದುಕೊಳ್ಳಬಹುದು. ಫೈನಾನ್ಸ್ ಜೊತೆ ಮಾರ್ಕೆಟಿಂಗ್ ತೆಗೆದುಕೊಂಡವರಿಗೆ ಈ ಜಿಲ್ಲೆಯಲ್ಲಿ ಬಾಗಿಲು ಹೆಚ್ಚು, ಯಾಕೆಂದರೆ ಇಲ್ಲಿಗೆ ಬಂದು ಆಳು ತೆಗೆದುಕೊಳ್ಳುವವರಲ್ಲಿ ಬ್ಯಾಂಕು, ಮೈಕ್ರೋ ಫೈನಾನ್ಸು, ಇನ್ಶೂರೆನ್ಸಿನವರು ಬಹಳ.

ವಾರಕ್ಕೆ ಒಂದು ಗಂಟೆ ಪಾಠ ಎಂದರೆ ಒಂದು ಕ್ರೆಡಿಟ್, ಎರಡು ಗಂಟೆ ಪ್ರಾಯೋಗಿಕವೂ ಒಂದೇ ಕ್ರೆಡಿಟ್. 50 ತರಗತಿ ನಡೆದ ವಿಷಯದಲ್ಲಿ ಶೇ 75 ಹಾಜರಿ ಬೇಕೆಂದಿದ್ದರೆ 38 ತರಗತಿ, ತಪ್ಪಿಸಿಕೊಳ್ಳಲು ಇರುವುದು 12. ಮನೆಯ ಮದುವೆ, ಊರ ಜಾತ್ರೆ, ಒಂದು ವಾರದ ಜ್ವರ ಬಂದರೆ 12 ಮುಗಿದೇ ಹೋಗುತ್ತದೆ, ಆಮೇಲೆ ಶಾರ್ಟೇಜ್ ಪಟ್ಟಿ. ವಿಟಿಯು ಪದ್ಧತಿಯಲ್ಲಿ ಇಂಟರ್ನಲ್ಸ್‌ಗೆ (ಕಾಲೇಜೇ ಕೊಡುವ ಒಳಗಿನ ಅಂಕಕ್ಕೆ) 50 ಅಂಕ, ಸೆಮಿಸ್ಟರ್ ಪರೀಕ್ಷೆಗೆ 50; ಎರಡನ್ನೂ ಬೇರೆಬೇರೆಯಾಗಿ ದಾಟಬೇಕು. ಇಂಟರ್ನಲ್ಸ್ ಅಂಕವನ್ನು ಮೇಷ್ಟ್ರು ಹೆಂಗೂ ಹಾಕುತ್ತಾರೆ ಎಂಬ ನಂಬಿಕೆ ಮೊದಲ ಸೆಮಿಸ್ಟರಿನಲ್ಲೇ ಮುರಿಯುವುದು ಒಳ್ಳೆಯದು.

ಬಿ.ಎ, ಬಿ.ಎಸ್ಸಿ ಕಡೆಯಿಂದ ಬಂದವರು ಸೋಲುವುದು ಲೆಕ್ಕಪತ್ರದಲ್ಲಿ, ಬಿ.ಕಾಂನವರು ಹೆದರುವುದು ಸಂಖ್ಯಾಶಾಸ್ತ್ರಕ್ಕೆ. ಡೆಬಿಟ್ ಕ್ರೆಡಿಟ್ ಸೂತ್ರವನ್ನು ಬಾಯಿಪಾಠ ಮಾಡುವ ಬದಲು ಒಂದು ತಿಂಗಳು ಮನೆಯ ಪಕ್ಕದ ಚಿಲ್ಲರೆ ಅಂಗಡಿಯ ಲೆಕ್ಕ ಬರೆದುಕೊಟ್ಟರೆ ಸಾಕು. ಉದ್ರಿ ಪುಸ್ತಕದಲ್ಲಿ ಇರುವ ಹಣ ಲಾಭದಲ್ಲಿ ಸೇರಿದ್ದರೂ ಗಲ್ಲಾದಲ್ಲಿ ಯಾಕಿಲ್ಲ ಎನ್ನುವುದು ಹೊಳೆದುಬಿಡುತ್ತದೆ. ಹಣಕಾಸು ವಿಷಯದ ಅರ್ಧ ಅದೇ.

ಪ್ರಾಜೆಕ್ಟು ಮತ್ತು ತಿಪಟೂರಿನ ಕೊಬ್ಬರಿ

ಎರಡು ವರ್ಷದಲ್ಲಿ ಅತಿ ಹೆಚ್ಚು ಕಲಿಯಬಹುದಾದದ್ದು, ಆದರೆ ಅತಿ ಹೆಚ್ಚು ಹಾಳಾಗುವುದು ಪ್ರಾಜೆಕ್ಟು. ಮೊದಲು ಸುಮಾರು ನಾಲ್ಕು ವಾರ ಒಂದು ಸಂಸ್ಥೆಯನ್ನು ಒಟ್ಟಾರೆ ನೋಡಿ ಬರುವುದು, ಕೊನೆಯ ಸೆಮಿಸ್ಟರಿನಲ್ಲಿ ಆರು ವಾರದಷ್ಟು ಒಂದು ಸಮಸ್ಯೆ ಹಿಡಿದು ಕೆಲಸ ಮಾಡುವುದು ರೂಢಿಯಲ್ಲಿರುವ ಏರ್ಪಾಡು. ವಿಭಾಗದಿಂದ ಪತ್ರ, ಕಂಪನಿಯಿಂದ ಒಪ್ಪಿಗೆ, ಒಳಗಿನ ಗೈಡ್ ಒಬ್ಬರು, ಕಂಪನಿಯ ಗೈಡ್ ಒಬ್ಬರು, ವಾರದ ವರದಿ, ಮುಗಿದ ಮೇಲೆ ಕಂಪನಿಯ ಸರ್ಟಿಫಿಕೇಟು, ಕೃತಿಚೌರ್ಯ ತಪಾಸಣೆ, ಬೈಂಡಿಂಗ್, ವೈವಾ (ಮೌಖಿಕ ಪರೀಕ್ಷೆ).

ಕೆಡುವುದು ಎರಡನೇ ಮೆಟ್ಟಿಲಲ್ಲಿ. ವಸಂತನರಸಾಪುರ, ಅಂತರಸನಹಳ್ಳಿ, ಹಿರೇಹಳ್ಳಿ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳು ವಿದ್ಯಾರ್ಥಿಯನ್ನು ಒಳಗೆ ಬಿಟ್ಟುಕೊಳ್ಳುತ್ತವೆ, ಆದರೆ ಲೆಕ್ಕದ ಪುಸ್ತಕ ತೋರಿಸುವುದಿಲ್ಲ. ಮೂರನೇ ವಾರ ಇದು ಗೊತ್ತಾಗುವ ಹೊತ್ತಿಗೆ ತಲೆಬರಹ ವಿಶ್ವವಿದ್ಯಾಲಯಕ್ಕೆ ಹೋಗಿರುತ್ತದೆ. ಆಗ ಹುಡುಗರು ಹಿಂದಿನ ಬ್ಯಾಚಿನವರ ವರದಿ ತೆಗೆದು ಕಂಪನಿ ಹೆಸರು ಬದಲಾಯಿಸುತ್ತಾರೆ. ಇದಕ್ಕೆ ಮದ್ದು, ತಲೆಬರಹ ಕೊಡುವ ಮೊದಲೇ ಯಾವ ಅಂಕಿಗಳು ಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಮಾಲೀಕರಿಂದ ಹೂಂ ಅನ್ನಿಸಿಕೊಳ್ಳುವುದು. ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ 100 ರೂಪಾಯಿ ಕಟ್ಟಿ ಅದು ಸಲ್ಲಿಸಿದ ಬ್ಯಾಲೆನ್ಸ್ ಶೀಟ್ ನೋಡಬಹುದು. ಪಾಲುದಾರಿಕೆ ಅಥವಾ ಒಬ್ಬರದೇ ಮಾಲೀಕತ್ವ ಆದರೆ ಆ ದಾರಿ ಇಲ್ಲ. ಆಗ ಅಂಕಿ ಕೇಳದ ವಿಷಯ ಆರಿಸಿಕೊಳ್ಳಿ: ಗೋದಾಮಿನ ಜೋಡಣೆ, ಯಂತ್ರ ಎಷ್ಟು ಹೊತ್ತು ಸುಮ್ಮನೆ ನಿಂತಿರುತ್ತದೆ, ಕೆಲಸ ಬಿಟ್ಟುಹೋಗುವವರು ಯಾಕೆ ಬಿಡುತ್ತಾರೆ.

ಅಥವಾ ಕಂಪನಿಯನ್ನೇ ಬಿಟ್ಟು ಮಾರುಕಟ್ಟೆಗೆ ನಡೆಯಿರಿ. ತಿಪಟೂರಿನ ಎಪಿಎಂಸಿ ಕೊಬ್ಬರಿ ಮಾರುಕಟ್ಟೆಯ ಆವಕ ಮತ್ತು ಧಾರಣೆ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ದಿನದಿನದ್ದು ಸಿಗುತ್ತದೆ, ಯಾರ ಅಪ್ಪಣೆಯೂ ಬೇಕಿಲ್ಲ. ಇಷ್ಟು ಹತ್ತಿರ ಇಷ್ಟು ಒಳ್ಳೆಯ ಪ್ರಯೋಗಶಾಲೆ ಇಟ್ಟುಕೊಂಡು ಬಹುರಾಷ್ಟ್ರೀಯ ಸೋಪು ಕಂಪನಿಯ ಬ್ರಾಂಡ್ ಬಗ್ಗೆ ಬರೆಯುವುದು ನಷ್ಟದ ವ್ಯಾಪಾರ.

ಒಂದು ಲೆಕ್ಕ ನೋಡಿ. ತೆಂಗಿನಕಾಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸಿ, ಒಳಗಿನ ನೀರು ಇಂಗಿದ ಮೇಲೆ ಸುಲಿದು ಒಡೆದು ತೆಗೆದದ್ದು ಉಂಡೆ ಕೊಬ್ಬರಿ. ಮನೆಯಲ್ಲಿ ಕೊಬ್ಬರಿ ಇದೆ. ಈಗ ಮಾರಲೋ, ನಾಲ್ಕು ತಿಂಗಳು ಕಾಯಲೋ? ಲೆಕ್ಕ ಸುಲಭವಾಗಲಿ ಅಂತ ಇವತ್ತಿನ ಧಾರಣೆ ಕ್ವಿಂಟಲ್‌ಗೆ 12,000 ಎಂದಿಟ್ಟುಕೊಳ್ಳೋಣ (2024ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಬೆಂಬಲ ಬೆಲೆಯೂ ಇಷ್ಟೇ). ಆ ಹಣಕ್ಕೆ ವರ್ಷಕ್ಕೆ ಶೇ 12 ಬಡ್ಡಿ ಹಿಡಿದರೆ ನಾಲ್ಕು ತಿಂಗಳಿಗೆ 480. ಚೀಲ, ಜಾಗಕ್ಕೆ 60. ಒಟ್ಟು 12,540. ಒಣಗಿ ತೂಕ ಶೇ 3 ಇಳಿದರೆ ಮಾರುವ ದಿನ ಕ್ವಿಂಟಲ್ ಬದಲು 97 ಕೆ.ಜಿ ಮಾತ್ರ ಇರುತ್ತದೆ. 12,540ನ್ನು 0.97ರಿಂದ ಭಾಗಿಸಿ: 12,928. ಅಂದರೆ ಧಾರಣೆ 928 ರೂಪಾಯಿ, ಹತ್ತಿರಹತ್ತಿರ ಶೇ 8 ಏರಿದರೆ ಮಾತ್ರ ಕಾದದ್ದು ಸಮ. "ಇನ್ನೂ ಐನೂರು ಬರಲಿ, ಬಿಡೋಣ" ಎಂದು ಕಾದವರು ಐನೂರು ಬಂದರೂ ಸೋತಿರುತ್ತಾರೆ. ಇದು ಮತ್ತೆ 78 ಮತ್ತು 107ರ ಕಥೆಯೇ.

ಹಾಗಂತ ಕಾಯುವುದು ದಡ್ಡತನ ಅಂತಲ್ಲ. 2023ರಲ್ಲಿ ಧಾರಣೆ ಬೆಂಬಲ ಬೆಲೆಗಿಂತ ಎಷ್ಟೋ ಕೆಳಗಿತ್ತು. 2025ರಲ್ಲಿ ಬೆಂಬಲ ಬೆಲೆಯ ಎರಡರಷ್ಟನ್ನೂ ದಾಟಿತು. ಒಳ್ಳೆಯ ಪ್ರಾಜೆಕ್ಟು ಇಲ್ಲಿ ಕೇಳುವ ಪ್ರಶ್ನೆ ಬೇರೆ: ಹತ್ತು ವರ್ಷದ ಧಾರಣೆ ಇಟ್ಟುಕೊಂಡು ನೋಡಿದರೆ, ಎಷ್ಟು ಸಲ ನಾಲ್ಕು ತಿಂಗಳಲ್ಲಿ ಶೇ 8ಕ್ಕಿಂತ ಹೆಚ್ಚು ಏರಿದೆ? ಕಾಯಲು ಆಗದೆ ಮಾರಿದವರು ಎಷ್ಟು ಜನ, ಅವರಿಗೆ ಯಾವ ಸಾಲದ ಕಂತು ಒತ್ತಿತ್ತು?

ಅದೇ ಮಾರುಕಟ್ಟೆಯ ವರ್ತಕರ ಕಡೆಯಿಂದ ನೋಡಿದರೆ ವರ್ಕಿಂಗ್ ಕ್ಯಾಪಿಟಲ್ (ದಿನದಿನದ ವ್ಯಾಪಾರ ನಡೆಸಲು ಬೇಕಾದ ಹಣ) ಅನ್ನುವ ಪದಕ್ಕೆ ಜೀವ ಬರುತ್ತದೆ. ವರ್ತಕರೊಬ್ಬರು ದಿನಕ್ಕೆ ಸರಾಸರಿ 2 ಲಕ್ಷದ ಮಾಲು ಕೊಂಡು ರೈತರಿಗೆ ಕೂಡಲೇ ಹಣ ಕೊಡುತ್ತಾರೆ ಎನ್ನೋಣ. ಮಾಲು 10 ದಿನ ಗೋದಾಮಿನಲ್ಲಿ. ಉತ್ತರ ಭಾರತದ ಖರೀದಿದಾರರು ಹಣ ಕೊಡುವುದು 45 ದಿನಕ್ಕೆ. ಅಂದರೆ ಒಂದು ರೂಪಾಯಿ ಹೋಗಿ ವಾಪಸ್ ಬರಲು 55 ದಿನ, ಯಾವಾಗಲೂ ಸಿಕ್ಕಿಬಿದ್ದಿರುವ ಹಣ 1.1 ಕೋಟಿ. ಶೇ 12ರ ಬಡ್ಡಿಗೆ ವರ್ಷಕ್ಕೆ 13.2 ಲಕ್ಷ. ವರ್ಷದ ವಹಿವಾಟು 7.3 ಕೋಟಿ, ಅದರಲ್ಲಿ ಶೇ 3 ಉಳಿದರೆ 21.9 ಲಕ್ಷ. ಅರ್ಧಕ್ಕಿಂತ ಹೆಚ್ಚು ಬಡ್ಡಿಗೇ ಹೋಯಿತು. ಆ ಕಡೆಯವರು ಹಣ ಕೊಡುವುದು ಇನ್ನು 20 ದಿನ ತಡವಾದರೆ ಬಡ್ಡಿ 18 ಲಕ್ಷ. ವ್ಯಾಪಾರ ಜೋರಾಗಿದೆ, ಕೈಯಲ್ಲಿ ಕಾಸಿಲ್ಲ ಅನ್ನುವ ಮಾತಿನ ಅರ್ಥ ಇಷ್ಟೇ. ಈ ನಾಲ್ಕು ಅಂಕಿಗಳನ್ನು ವೈವಾದಲ್ಲಿ ಬಾಯಲ್ಲಿ ಹೇಳಬಲ್ಲವರಿಗೆ ಎಂಬತ್ತು ಪುಟದ ವರದಿಯ ಭಾರ ಬೇಕಿಲ್ಲ.

ಸಂಶೋಧನೆ: ಪ್ರಶ್ನೆ ಕೇಳುವ ಭಾಷೆ

ಸಮೀಕ್ಷೆ ಅಂದ ತಕ್ಷಣ ಗೂಗಲ್ ಫಾರ್ಮ್ ಮಾಡಿ ಸ್ನೇಹಿತರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ, 100 ಉತ್ತರ ಬಂದವು ಎಂದು "ಗ್ರಾಹಕರ ಅಭಿಪ್ರಾಯ" ಬರೆಯುವುದು ರೋಗದ ಹಾಗೆ ಹರಡಿದೆ. ಉತ್ತರಿಸಿದವರು ಗ್ರಾಹಕರಲ್ಲ, ಸಹಪಾಠಿಗಳು. ಎಷ್ಟು ಜನರನ್ನು ಕೇಳಬೇಕು ಎನ್ನುವುದಕ್ಕೆ ಲೆಕ್ಕವಿದೆ. ಶೇ 95 ಭರವಸೆ, ಶೇ 5 ತಪ್ಪಿಗೆ ಅವಕಾಶ ಎಂದರೆ ದೊಡ್ಡ ಜನಸಂಖ್ಯೆಗೆ 385 ಜನ ಬೇಕು. ಒಂದು ಸಹಕಾರ ಸಂಘದ ಸದಸ್ಯರು 1,000 ಮಾತ್ರ ಇದ್ದರೆ 278 ಸಾಕು. ಹತ್ತರಲ್ಲಿ ಏಳು ಜನ ಮಾತ್ರ ಉತ್ತರಿಸುತ್ತಾರೆ ಎಂದುಕೊಂಡರೆ ಸುಮಾರು 400 ಹೆಸರು ಆರಿಸಿಕೊಳ್ಳಬೇಕು, ಅದೂ ಸದಸ್ಯರ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ. ಸಂಘದ ಬಾಗಿಲಲ್ಲಿ ಸಿಕ್ಕವರನ್ನಲ್ಲ. ಬಾಗಿಲಲ್ಲಿ ಸಿಗುವವರು ಸಂಘಕ್ಕೆ ಬರುವವರು. ಮುನಿಸಿಕೊಂಡು ಬರುವುದು ಬಿಟ್ಟವರು ಅಲ್ಲಿ ಸಿಗುವುದೇ ಇಲ್ಲ.

ಇದಕ್ಕಿಂತ ದೊಡ್ಡ ತೊಡಕು ಭಾಷೆಯದ್ದು. ಇಂಗ್ಲಿಷ್ ಪ್ರಶ್ನಾವಳಿಯನ್ನು ರಾತ್ರೋರಾತ್ರಿ ಕನ್ನಡಕ್ಕೆ ತಿರುಗಿಸಿ, ಮಧುಗಿರಿ ಕಡೆಯ ರೈತರೊಬ್ಬರ ಮುಂದೆ "ನಿಮ್ಮ ಆರ್ಥಿಕ ಸಾಕ್ಷರತೆಯ ಮಟ್ಟವನ್ನು 1ರಿಂದ 5ರಲ್ಲಿ ಗುರುತಿಸಿ" ಎಂದರೆ ಅವರು ಸೌಜನ್ಯಕ್ಕೆ 3 ಅನ್ನುತ್ತಾರೆ. ಆ 3ಕ್ಕೆ ಅರ್ಥವಿಲ್ಲ. "ಕೈಸಾಲ ತಗಂಡಿದ್ದೀರಾ ಗೌಡ್ರೆ? ನೂರಕ್ಕೆ ತಿಂಗಳಿಗೆ ಎಷ್ಟು?" ಎಂದು ಕೇಳಿ. "ಮೂರು ರೂಪಾಯಿ" ಎಂದು ತಟ್ಟನೆ ಉತ್ತರ ಬರುತ್ತದೆ. ಅದು ವರ್ಷಕ್ಕೆ ಶೇ 36. ಬ್ಯಾಂಕಿನ ಬೆಳೆಸಾಲದ ಬಡ್ಡಿ ಎಷ್ಟು ಎಂದು ಮುಂದಿನ ಪ್ರಶ್ನೆ. ಎರಡನ್ನೂ ಹೋಲಿಸಿ ಮಾತಾಡುತ್ತಾರೋ ಇಲ್ಲವೋ ಎನ್ನುವುದರಲ್ಲೇ ನಿಮಗೆ ಬೇಕಾದ ಸಾಕ್ಷರತೆ ಇದೆ. "ಬ್ಯಾಂಕಿನ ಸೇವೆ ಮತ್ತು ಬಡ್ಡಿದರ ತೃಪ್ತಿ ತಂದಿದೆಯೇ" ಎಂಬಂಥ ಎರಡು ತಲೆಯ ಪ್ರಶ್ನೆಯೂ ಬೇಡ. ಮ್ಯಾನೇಜರು ಒಳ್ಳೆಯವರು, ಬಡ್ಡಿ ಜಾಸ್ತಿ ಎನ್ನುವವರು ಏನು ಹೇಳಬೇಕು? ಮೊದಲು ಹದಿನೈದಿಪ್ಪತ್ತು ಜನರ ಮೇಲೆ ಪ್ರಶ್ನಾವಳಿಯನ್ನು ಪರೀಕ್ಷೆ ಮಾಡಿ ನೋಡಿದರೆ ಇಂಥ ಹುಳುಕು ಅರ್ಧ ದಿನದಲ್ಲಿ ಹೊರಗೆ ಬರುತ್ತದೆ.

ಪಿಎಚ್‌.ಡಿ ಮಟ್ಟದಲ್ಲಿ ಬೇಕಾದದ್ದು ಹೋಲಿಕೆ. ಪಾವಗಡದ ತಿರುಮಣಿ ಸುತ್ತ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಸುಮಾರು 13,000 ಎಕರೆಯಲ್ಲಿದೆ. ಜಮೀನನ್ನು ಕೊಂಡುಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದರು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. "ಸೋಲಾರ್ ಪಾರ್ಕಿನಿಂದ ಜೀವನಮಟ್ಟದ ಮೇಲೆ ಪರಿಣಾಮ" ಎಂಬ ತಲೆಬರಹ ಹಾಕಿ ಬಾಡಿಗೆ ಬರುವ ಮನೆಗಳನ್ನು ಮಾತ್ರ ಕೇಳಿದರೆ ಎಲ್ಲವೂ ಚೆನ್ನಾಗಿದೆ ಎಂದೇ ಬರುತ್ತದೆ. ಅದೇ ಜಮೀನುಗಳಲ್ಲಿ ಕೂಲಿ ಮಾಡುತ್ತಿದ್ದ, ತಮ್ಮದೆಂಬ ಎಕರೆ ಇಲ್ಲದವರು ಏನಾದರು? ಗುತ್ತಿಗೆಗೆ ಒಳಪಡದ ಪಕ್ಕದ ಹಳ್ಳಿಯಲ್ಲಿ ಅದೇ ವರ್ಷಗಳಲ್ಲಿ ಏನಾಯಿತು? ಈ ಎರಡು ಗುಂಪು ಇಲ್ಲದ ಅಧ್ಯಯನ ಅರ್ಧ ಅಧ್ಯಯನ.

ನಿಯಮದ ಮಟ್ಟಿಗೆ ಯುಜಿಸಿಯ 2022ರ ನಿಬಂಧನೆ ಹೇಳುವುದು: ಸ್ನಾತಕೋತ್ತರದಲ್ಲಿ ಶೇ 55, ಕನಿಷ್ಠ 12 ಕ್ರೆಡಿಟ್ ಕೋರ್ಸ್‌ವರ್ಕ್, ಕನಿಷ್ಠ 3 ವರ್ಷ, ಸಾಮಾನ್ಯವಾಗಿ 6 ವರ್ಷದ ಮಿತಿ. ಪ್ರೊಫೆಸರ್ ಒಬ್ಬರು ಏಕಕಾಲಕ್ಕೆ 8 ಜನಕ್ಕೆ, ಅಸೋಸಿಯೇಟ್ ಪ್ರೊಫೆಸರ್ 6 ಜನಕ್ಕೆ, ಅಸಿಸ್ಟೆಂಟ್ ಪ್ರೊಫೆಸರ್ 4 ಜನಕ್ಕೆ ಮಾತ್ರ ಗೈಡ್ ಆಗಬಹುದು. ಹಾಗಾಗಿ ಗೈಡ್ ಒಪ್ಪಿದ್ದಾರೆ ಅನ್ನುವುದಕ್ಕಿಂತ ಅವರ ಹತ್ತಿರ ಜಾಗ ಖಾಲಿ ಇದೆಯೇ ಎಂದು ವಿಭಾಗದಲ್ಲಿ ಕೇಳಬೇಕು. ಪ್ರಬಂಧ ಬೇರೆಯವರ ಬರಹವನ್ನು ಹೋಲುವುದು ಶೇ 10ರ ಒಳಗಿದ್ದರೆ 2018ರ ಕೃತಿಚೌರ್ಯ ನಿಯಮದ ಪ್ರಕಾರ ದಂಡವಿಲ್ಲ, ಮೇಲೆ ಹೋದಂತೆ ಶಿಕ್ಷೆ ಏರುತ್ತದೆ. ದುಡ್ಡು ಕೊಟ್ಟು ಬರೆಸಿದ ಪ್ರಬಂಧವನ್ನು ಯಾವ ತಂತ್ರಾಂಶವೂ ಹಿಡಿಯದೆ ಹೋಗಬಹುದು. ವೈವಾದಲ್ಲಿ "ಈ ಕೋಷ್ಟಕದಲ್ಲಿ ಒಟ್ಟು 385 ಇದ್ದದ್ದು ಇಲ್ಲಿ 371 ಯಾಕಾಯಿತು" ಎಂಬ ಒಂದೇ ಪ್ರಶ್ನೆ ಹಿಡಿಯುತ್ತದೆ.

ಹಾಸ್ಟೆಲು, ಬಸ್ಸು, ಸ್ಕಾಲರ್‌ಶಿಪ್ಪು

ಇಲ್ಲಿನ ಕ್ಯಾಂಪಸ್ ಬದುಕನ್ನು ಗಡಿಯಾರಕ್ಕಿಂತ ಹೆಚ್ಚಾಗಿ ಬಸ್ಸು, ರೈಲು ನಡೆಸುತ್ತವೆ. ಗುಬ್ಬಿ, ಕುಣಿಗಲ್, ಕೊರಟಗೆರೆಯವರು ದಿನಾ ಓಡಾಡುತ್ತಾರೆ, ಪಾವಗಡದವರಿಗೆ ಅದು ಆಗದ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ, ನಿಂತು ಬರುವ ಆಯಾಸ ಮಾತ್ರ ಹಾಗೇ ಇದೆ. ಸಂಜೆ ಐದರ ಮೇಲೆ ಇಟ್ಟ ಗ್ರೂಪ್ ಡಿಸ್ಕಷನ್ ತರಬೇತಿಗೆ ದಿನಾ ಓಡಾಡುವವರು ಬರುವುದಿಲ್ಲ. ಇದು ಆಲಸ್ಯವಲ್ಲ, ಕೊನೆಯ ಬಸ್ಸು. ತರಬೇತಿಯನ್ನು ಮಧ್ಯಾಹ್ನದ ಊಟದ ಹಿಂದೆಮುಂದೆ ಇಟ್ಟರೆ ತರಗತಿ ತುಂಬುತ್ತದೆ.

ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಿಗೆ ಅರ್ಜಿ ಕರೆದ ವಾರವೇ ಹಾಕಬೇಕು. ಸೀಟು ಸಿಗದ ಅರ್ಹರಿಗೆ ವಿದ್ಯಾಸಿರಿ ಯೋಜನೆಯಲ್ಲಿ 10 ತಿಂಗಳು ಊಟ ವಸತಿಗೆ ಸಹಾಯವಿದೆ. ಸ್ಕಾಲರ್‌ಶಿಪ್ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ ಮೂಲಕ ಬರುತ್ತದೆ, ಹಣ ಬೀಳುವುದು ಆಧಾರ್‌ಗೆ ಜೋಡಣೆಯಾದ ಖಾತೆಗೆ. ಖಾತೆಗೆ ಆಧಾರ್ ನಂಬರು ಕೊಟ್ಟಿರುವುದು ಬೇರೆ, ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್‌ಗೆ ಬರುವ ಸರ್ಕಾರಿ ಹಣ ಈ ಖಾತೆಗೇ ಬೀಳಲಿ ಎಂದು ದಾಖಲಾಗುವುದು) ಆಗಿರುವುದು ಬೇರೆ. "ಮಂಜೂರಾಗಿದೆ, ಆದರೆ ಬಂದಿಲ್ಲ" ಎನ್ನುವ ಎಷ್ಟೋ ದೂರುಗಳ ಮೂಲ ಇದೇ. ಬ್ಯಾಂಕಿಗೆ ಹೋಗಿ ಮ್ಯಾಪಿಂಗ್ ಆಗಿದೆಯೇ ಎಂದು ನೇರ ಕೇಳಿ. ಹಳೆಯ ಶೂನ್ಯ ಶಿಲ್ಕಿನ ಖಾತೆಗೆ ಜೋಡಣೆಯಾಗಿದ್ದು, ಅದು ಬಳಕೆಯಿಲ್ಲದೆ ನಿಂತುಹೋಗಿದ್ದರೂ ಹಣ ವಾಪಸ್ ಹೋಗುತ್ತದೆ.

ಕೆಲಸ: ಹಾಳೆಯ ಮೇಲಿನ ಸಂಬಳ, ಕೈಗೆ ಬರುವ ಸಂಬಳ

"ಶೇ 90 ಪ್ಲೇಸ್‌ಮೆಂಟ್" ಎಂದರೆ ಮೊದಲ ಪ್ರಶ್ನೆ: ಯಾರಲ್ಲಿ 90? ತರಗತಿಯ 60 ಜನರಲ್ಲೋ, ಬ್ಯಾಕ್‌ಲಾಗ್ ಇಲ್ಲದೆ ಹೆಸರು ನೋಂದಾಯಿಸಿದ 30 ಜನರಲ್ಲೋ? ಎರಡನೆಯದಾದರೆ ಕೆಲಸ ಸಿಕ್ಕಿದ್ದು 27 ಜನಕ್ಕೆ, ತರಗತಿಯ ಅರ್ಧಕ್ಕೂ ಕಮ್ಮಿ. ಇನ್ನು "ಸರಾಸರಿ ಸಂಬಳ". ಒಂಬತ್ತು ಜನಕ್ಕೆ 3 ಲಕ್ಷ, ಒಬ್ಬರಿಗೆ 12 ಲಕ್ಷ ಆದರೆ ಸರಾಸರಿ 3.9 ಲಕ್ಷ. ಆ 3.9 ಯಾರಿಗೂ ಸಿಕ್ಕಿಲ್ಲ. ನಡುವಿನ ಸಂಬಳ ಎಷ್ಟು ಎಂದು ಕೇಳಿ, 3 ಎನ್ನುವ ಉತ್ತರ ಬರುತ್ತದೆ.

ಆಫರ್ ಲೆಟರಿನಲ್ಲಿ ಸಿಟಿಸಿ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ) 4,20,000 ಎಂದಿದ್ದರೆ ತಿಂಗಳಿಗೆ 35,000 ಎಂದು ಮನೆಯಲ್ಲಿ ಹೇಳಿಬಿಡುತ್ತಾರೆ. ಒಂದು ಮಾದರಿ ಬಿಡಿಸೋಣ. ಗುರಿ ಮುಟ್ಟಿದರೆ ಮಾತ್ರ ಕೊಡುವ ಭಾಗ 60,000. ಕಂಪನಿ ಕಟ್ಟುವ ಪಿಎಫ್, 15,000 ಮೂಲ ವೇತನದ ಶೇ 12, ವರ್ಷಕ್ಕೆ 21,600. ಗ್ರಾಚ್ಯುಟಿ ಮೂಲ ವೇತನದ ಶೇ 4.81, ಅಂದರೆ 8,658. ಅದು ಸಾಮಾನ್ಯವಾಗಿ 5 ವರ್ಷ ಪೂರೈಸಿದವರಿಗೆ. ಇನ್ಶೂರೆನ್ಸ್ 5,000. ಇವನ್ನೆಲ್ಲ ಕಳೆದರೆ ಉಳಿಯುವುದು 3,24,742, ತಿಂಗಳಿಗೆ 27,062. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಹೋಗಿ ಕೈಗೆ 25,062. ಮೈಕ್ರೋ ಫೈನಾನ್ಸ್, ಇನ್ಶೂರೆನ್ಸ್ ಕೆಲಸಗಳಲ್ಲಿ ಆ 60,000ದ ಭಾಗ ಇನ್ನೂ ದೊಡ್ಡದಿರುತ್ತದೆ. ಗುರಿ ಎಷ್ಟು, ಹೋದ ವರ್ಷ ಸೇರಿದವರಲ್ಲಿ ಎಷ್ಟು ಜನ ಮುಟ್ಟಿದರು ಎಂದು ಸಂದರ್ಶನದಲ್ಲೇ ಕೇಳಬಹುದು, ಕೇಳಿದವರನ್ನು ಯಾರೂ ಕಡೆಗಣಿಸುವುದಿಲ್ಲ. ಮೂಲ ಅಂಕಪಟ್ಟಿಗಳನ್ನು ಕಂಪನಿಗೆ ಒಪ್ಪಿಸಿ ಎಂದರೆ ಒಪ್ಪಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು ವಾಪಸ್ ತನ್ನಿ.

ಕೊನೆಗೆ ಬೆಂಗಳೂರೋ ತುಮಕೂರೋ ಎನ್ನುವ ಲೆಕ್ಕ. ಬೆಂಗಳೂರಿನಲ್ಲಿ ಕೈಗೆ 25,000, ಪಿಜಿಗೆ 9,000, ಓಡಾಟಕ್ಕೆ 2,000, ಹೊರಗಿನ ಊಟ ತಿಂಡಿಗೆ 3,000 ಹೋದರೆ ಉಳಿತಾಯ 11,000. ವಸಂತನರಸಾಪುರದ ಘಟಕವೊಂದರಲ್ಲಿ ಕೈಗೆ 19,000 ಬಂದು, ಮನೆಯಿಂದಲೇ ಹೋಗಿಬಂದು 2,500 ಖರ್ಚಾದರೆ 16,500. ಇವತ್ತಿನ ಲೆಕ್ಕದಲ್ಲಿ ತುಮಕೂರೇ ಗೆದ್ದಿತು. ಆದರೆ ಇದೂ ಅಟ್ಟದ ಮೇಲಿನ ಕೊಬ್ಬರಿಯ ಹಾಗೆ: ಎರಡು ವರ್ಷದ ನಂತರ ಬೆಂಗಳೂರಿನ ಅನುಭವಕ್ಕೆ ಧಾರಣೆ ಎಷ್ಟು ಏರುತ್ತದೆ, ಇಲ್ಲಿನ ಘಟಕದಲ್ಲಿ ಮೇಲಿನ ಹುದ್ದೆ ಖಾಲಿ ಆಗುತ್ತದೋ ಇಲ್ಲವೋ ಎನ್ನುವುದನ್ನು ಅಲ್ಲೇ ಕೆಲಸ ಮಾಡುತ್ತಿರುವ ಹಳೆ ಬ್ಯಾಚಿನ ಇಬ್ಬರನ್ನಾದರೂ ಕೇಳಿ, ತಿಂಗಳಿಗೆ 5,500ರ ಆ ವ್ಯತ್ಯಾಸದ ಪಕ್ಕದಲ್ಲಿ ಬರೆದುಕೊಳ್ಳಬೇಕು.